ಯುಡಿಐಡಿ ಕೇಳುವ ಮೊದಲು

ಕೊಚ್ಚಿಯ ಕಾಕ್ಕನಾಡಿನಲ್ಲಿ ಕೂತು ನಾವು ನಾಲ್ಕು ಜನ ಐಫೋನಿಗೆ ಒಂದು ಕನ್ನಡ ಆ್ಯಪ್ ಮಾಡುತ್ತಿದ್ದೆವು. ಬಿಡುಗಡೆಗೆ ಮುಂಚೆ ಬಳಸಿ ನೋಡಿ ತಪ್ಪು ಹೇಳುವವರು ಬೇಕಿತ್ತು. ತಿರುವನಂತಪುರದಲ್ಲಿರುವ, ಕಾಸರಗೋಡು ಕಡೆಯ ಚಿಕ್ಕಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸಿದೆ. ಅದನ್ನು ಒತ್ತಿ, ಪ್ರೊಫೈಲ್ ಇನ್‌ಸ್ಟಾಲ್ ಮಾಡಿ, ಕಾಣಿಸುವ ಯುಡಿಐಡಿಯನ್ನು ನನಗೆ ಕಳಿಸಿ ಎಂದೆ. ಚಿಕ್ಕಮ್ಮ ಕೂಡಲೇ ಫೋನ್ ಮಾಡಿದರು: "ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಹೋದ ತಿಂಗಳು ನೀನೇ ಹೇಳಿದ್ದಲ್ವಾ ಮಗಾ? ಇದು ಪಾಸ್‌ಕೋಡ್ ಬೇರೆ ಕೇಳ್ತಾ ಉಂಟು!"

ಅವರು ಹೇಳಿದ್ದೇ ಸರಿ. ತಪ್ಪು ನನ್ನದು, ನನ್ನಂಥ ಎಲ್ಲ ಆ್ಯಪ್ ತಯಾರಕರದು.

ಯುಡಿಐಡಿ ಎಂದರೆ ಪ್ರತಿ ಐಫೋನಿಗೂ ಇರುವ, ಬದಲಾಯಿಸಲಾಗದ ಗುರುತಿನ ಸಂಖ್ಯೆ. ಹಳೆಯ ಫೋನುಗಳಲ್ಲಿ 40 ಅಕ್ಷರ, 2018ರ ನಂತರದವುಗಳಲ್ಲಿ ನಡುವಿನ ಗೆರೆಯೂ ಸೇರಿ 25. ಜಾಹೀರಾತಿನವರು ಇದನ್ನೇ ಹಿಡಿದು ಜನರ ಬೆನ್ನು ಹತ್ತುತ್ತಿದ್ದರು. 2012ರಲ್ಲಿ ಹ್ಯಾಕರುಗಳು ಹತ್ತು ಲಕ್ಷ ಯುಡಿಐಡಿಗಳನ್ನು ಬಯಲಿಗಿಟ್ಟರು. 2013ರ ಮೇ ತಿಂಗಳಿಂದ, ಇದನ್ನು ಓದುವ ಆ್ಯಪ್‌ಗಳನ್ನು ಆ್ಯಪಲ್ ತನ್ನ ಅಂಗಡಿಗೆ ಸೇರಿಸುವುದನ್ನೇ ನಿಲ್ಲಿಸಿತು. ಆ್ಯಪ್‌ಗೆ ಕೊಡಬಾರದ ಸಂಖ್ಯೆಯನ್ನು ಚಿಕ್ಕಮ್ಮ ನನಗೆ ವಾಟ್ಸ್‌ಆ್ಯಪ್ ಮಾಡಬೇಕಿತ್ತು!

ಸಂಖ್ಯೆಗಿಂತ ಅದನ್ನು ಪಡೆಯುವ ದಾರಿ ಹೆಚ್ಚು ಅಪಾಯದ್ದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಐಎಂಇಐ ಕಾಣುತ್ತದೆ, ಯುಡಿಐಡಿ ಕಾಣುವುದಿಲ್ಲ. ಹಾಗಾಗಿ ಯಾವುದೋ ಜಾಲತಾಣದ ಪ್ರೊಫೈಲ್ ಹಾಕಿಸುತ್ತೇವೆ. ಅದೇ ಬಗೆಯ ಪ್ರೊಫೈಲ್ ಫೋನಿಗೆ ವಿಪಿಎನ್ ಹಾಕಬಲ್ಲದು, ಫೋನಿನ ನಿರ್ವಹಣೆಯನ್ನೇ ಬೇರೆಯವರ ಕೈಗೆ ಒಪ್ಪಿಸಬಲ್ಲದು. ಯುಡಿಐಡಿ ಕೇಳುವ ಪ್ರೊಫೈಲ್ ಅಷ್ಟೆಲ್ಲ ಮಾಡದಿರಬಹುದು. ಆದರೆ ಲಿಂಕ್ ಬಂದರೆ ಒತ್ತು, ಕೇಳಿದರೆ ಪಾಸ್‌ಕೋಡ್ ಹಾಕು ಎಂಬ ಅಭ್ಯಾಸವನ್ನು ಕಲಿಸಿದವರು ನಾವೇ ಆಗುತ್ತೇವೆ. ನಾಳೆ ಮೋಸಗಾರನಿಗೆ ಬೇಕಾದದ್ದೂ ಅದೇ ಅಭ್ಯಾಸ.

"ಟೆಸ್ಟ್‌ಫ್ಲೈಟ್‌ನಲ್ಲಿ ಪರಿಶೀಲನೆಗೆ ಕಾಯಬೇಕು, ಇದಾದರೆ ಬೇಗ" ಎಂದು ಗೆಳೆಯರು ವಾದಿಸುತ್ತಾರೆ. ಕಾಯಬೇಕು, ನಿಜ. ಆದರೆ ಟೆಸ್ಟ್‌ಫ್ಲೈಟ್‌ಗೆ ಯುಡಿಐಡಿಯೇ ಬೇಡ, ಒಂದು ಆಹ್ವಾನ ಸಾಕು. ಹೊರಗಿನ 10,000 ಜನರವರೆಗೆ ಕರೆಯಬಹುದು, ಪ್ರತಿ ಆವೃತ್ತಿಯೂ 90 ದಿನ ನಡೆಯುತ್ತದೆ. ಯುಡಿಐಡಿ ದಾರಿಯಲ್ಲಿ ವರ್ಷಕ್ಕೆ 100 ಐಫೋನುಗಳಷ್ಟೇ. ಪಟ್ಟಿಯಿಂದ ಒಂದನ್ನು ತೆಗೆದರೂ ಆ ಜಾಗ ವರ್ಷ ಮುಗಿಯುವವರೆಗೆ ಖಾಲಿಯಾಗುವುದಿಲ್ಲ. ನಮ್ಮ ಎರಡು ದಿನದ ಆತುರಕ್ಕೆ ಚಿಕ್ಕಮ್ಮ ಏಕೆ ಬೆಲೆ ತೆರಬೇಕು?

ಯುಡಿಐಡಿ ಬೇಕೇ ಬೇಕು ಎನ್ನುವ ಸಂದರ್ಭವೂ ಬರಬಹುದು. ಆಗ ಕೇಬಲ್ ಹಿಡಿದು ನಾವೇ ಹೋಗೋಣ. ಮ್ಯಾಕ್‌ಗೆ ಫೋನ್ ಸಿಕ್ಕಿಸಿ, ಫೈಂಡರ್‌ನಲ್ಲಿ ಫೋನಿನ ಹೆಸರಿನ ಕೆಳಗಿನ ಸಾಲನ್ನು ಒತ್ತುತ್ತಾ ಹೋದರೆ ಯುಡಿಐಡಿ ಕಾಣುತ್ತದೆ. ವಿಂಡೋಸ್‌ನಲ್ಲಾದರೆ ಐಟ್ಯೂನ್ಸ್ ತೆರೆದು ಸೀರಿಯಲ್ ನಂಬರ್ ಒತ್ತಬೇಕು. ಪ್ರೊಫೈಲ್ ಬೇಡ, ನಡುವೆ ಮೂರನೆಯವರೂ ಬೇಡ. ಪರೀಕ್ಷೆ ಮುಗಿದ ಮೇಲೆ ನಮ್ಮ ಎಕ್ಸೆಲ್ ಶೀಟಿನಲ್ಲಿರುವ ಪಟ್ಟಿಯನ್ನು ಅಳಿಸಬೇಕು.

ಆ್ಯಪಲ್ ಕೂಡ ಇಲ್ಲಿ ತಪ್ಪಿಸಿಕೊಳ್ಳಲಾಗದು. ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ಪರಿಚಿತರ ಆ್ಯಪ್ ಹಾಕಿಕೊಳ್ಳಲು ಅಮೆರಿಕದ ಕಂಪನಿಯ ಪಟ್ಟಿಗೆ ಹೆಸರು ಸೇರಬೇಕೆಂದರೆ ಏನರ್ಥ? ಪ್ರೋಗ್ರಾಮಿನ ಹಿಡಿತ ಬಳಸುವವರ ಕೈಯಲ್ಲಿರಬೇಕು ಎನ್ನುವ ಸ್ವತಂತ್ರ ತಂತ್ರಾಂಶ ಚಳವಳಿಯ ಭಾರತೀಯ ಪ್ರತಿಷ್ಠಾನ 2001ರಲ್ಲಿ ಶುರುವಾದದ್ದು ತಿರುವನಂತಪುರದಲ್ಲೇ. ಅದೇ ಊರಿನ ಚಿಕ್ಕಮ್ಮನಿಗೆ ತಮ್ಮ ಫೋನಿನ ಗುರುತನ್ನು ನೋಡಲೂ ಇನ್ನೊಂದು ಕಂಪ್ಯೂಟರ್ ಬೇಕು.

ಆ್ಯಪಲ್ ಬದಲಾಗುವವರೆಗೆ ನಾವು ಕಾಯಬೇಕಿಲ್ಲ. ಚಿಕ್ಕಮ್ಮನಿಗೆ ಈಗ ಟೆಸ್ಟ್‌ಫ್ಲೈಟ್ ಆಹ್ವಾನ ಕಳಿಸಿದ್ದೇನೆ. ಕಳಿಸುವ ಮೊದಲು ಫೋನ್ ಮಾಡಿ, ಬರುವುದು ನನ್ನದೇ ಎಂದು ಹೇಳಿದೆ.