ಕಿವಿ ಗುಂಯ್‌ಗುಡದ ಬಂದೂಕು

ಮೊನ್ನೆ ಭಾನುವಾರ ಮಳವಳ್ಳಿ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಮದ್ದೂರಲ್ಲಿ ಓದ್ತಿರೋ ಅಕ್ಕನ ಮಗನೂ ಬಂದಿದ್ದ. ಜಗಲಿ ಮೇಲೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಬಿಜಿಎಂಐ ಆಡ್ತಾ ಕೂತಿದ್ದ. ಅದೇ, 2020ರಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆದ ಮೇಲೆ 2021ರಲ್ಲಿ ಹೊಸ ಹೆಸರಲ್ಲಿ ಬಂತಲ್ಲ, ಆ ಆಟ. "ಮಾವ, ಇದ್ರಲ್ಲಿ ಗನ್‌ಗಳೆಲ್ಲ ಥೇಟ್ ಒರಿಜಿನಲ್ಲು" ಅಂದ.

ಅರ್ಧ ನಿಜ. ನಾವು ಮಂಡ್ಯದ ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ ಆಡೋವಾಗ ಎಕೆ-47ರ ಹಿಡಿ ಎಡಗಡೆ ಇರ್ತಿತ್ತು. ನಿಜವಾದ್ದರಲ್ಲಿ ಇರೋದು ಬಲಗಡೆ! ಈಗಿನ ಆಟಗಳು ಎಷ್ಟೋ ವಾಸಿ. ಆದ್ರೂ ಜರ್ಮನಿಯ ಕಾರ್98ಕೆ ರೈಫಲ್ಲಿಗೆ ಬೇಕಾದ್ದು 7.92 ಮಿಮೀ ಗುಂಡು. ಆಟದಲ್ಲಿ ಅದು ಎಕೆಎಮ್ಮಿನ 7.62 ಗುಂಡನ್ನೇ ತಿಂದ್ಕೊಂಡು ಆರಾಮಾಗಿರತ್ತೆ. ರಕ್ತ ಬೇರೆ ಹಸಿರು.

ಇವೆಲ್ಲ ಸಣ್ಣ ತಕರಾರು ಬಿಡಿ. ನನ್ನ ನಿಜವಾದ ತಕರಾರು ಸದ್ದಿನದು.

ನಮ್ಮ ದೊಡ್ಡಪ್ಪನ ಹತ್ರ ಜೋಡುನಳಿಗೆ ಕೋವಿ ಇದೆ, ಬೆಳೆ ಕಾಯೋಕೆ ಅಂತ ಲೈಸೆನ್ಸ್ ತಗೊಂಡಿದ್ದು. ಚುನಾವಣೆ ಬಂದ್ರೆ ಠಾಣೆಗೆ ಒಪ್ಪಿಸಿ ರಸೀದಿ ತರ್ತಾರೆ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ್ರೆ ಆಕಾಶಕ್ಕೆ ಒಂದು ಈಡು, ಅಷ್ಟೇ. ಪಿಯುಸಿ ರಜೆಯಲ್ಲಿ ಒಂದು ರಾತ್ರಿ ನಾನು ಪಕ್ಕದಲ್ಲೇ ನಿಂತಿದ್ದೆ. ಢಂ ಅಂದಿದ್ದಷ್ಟೇ ಗೊತ್ತು, ಆಮೇಲೆ ಎರಡು ದಿನ ಕಿವಿಯೊಳಗೆ ಜೀರುಂಡೆ. ಹನ್ನೆರಡು ಬೋರಿನ ಕೋವಿ ಸದ್ದು 150 ಡೆಸಿಬಲ್ ದಾಟತ್ತೆ. 140 ದಾಟಿದ್ರೆ ಒಂದೇ ಏಟಿಗೆ ಕಿವಿ ಹಾಳಾಗಬಹುದು. ಬಲಗೈಯಲ್ಲಿ ಹೊಡೆಯೋರಿಗೆ ಎಡಗಿವಿ ನಳಿಗೆ ಬಾಯಿಗೆ ಹತ್ತಿರ, ಬಲಗಿವಿಗೆ ತಲೆಯೇ ಮರೆ. ದೊಡ್ಡಪ್ಪ ಬಲಗೈಯವರು. ಈಗ ಎಡಗಿವಿ ಪೂರ್ತಿ ಮಂದ. ಅವರ ಹತ್ರ ಮಾತಾಡ್ಬೇಕಂದ್ರೆ ಬಲಗಡೆ ಕೂರ್ಬೇಕು.

ಆಟದಲ್ಲಿ? ನಮ್ಮ ಹುಡುಗ ಮನೆಯೊಳಗೆ ನಿಂತು ನಲವತ್ತು ಗುಂಡು ಹಾರಿಸಿ, ಮರುಕ್ಷಣ ಮಹಡಿ ಮೇಲೆ ಯಾರೋ ನಡೆಯೋ ಸದ್ದು ಕೇಳಿಸ್ಕೋತಾನೆ. ಆಟ ಗೆಲ್ಲೋದೇ ಆ ಹೆಜ್ಜೆ ಸದ್ದಿನಿಂದ. ಹಾಗಂತ ಮೊಬೈಲಿಂದ 150 ಡೆಸಿಬಲ್ ಬರ್ಲಿ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಪಕ್ಕದಲ್ಲಿ ಸ್ಟನ್ ಗ್ರೆನೇಡ್ ಸಿಡಿದ್ರೆ ಕುಂಯ್ ಅಂತ ಕಿವಿ ಕಟ್ಟಿಸೋದು ಇವ್ರಿಗೆ ಗೊತ್ತಲ್ಲ? ಅದನ್ನೇ ತನ್ನ ಬಂದೂಕಿಗೂ ಹಾಕ್ಲಿ. ಹೊಡೆದ ಮೇಲೆ ಹತ್ತು ಸೆಕೆಂಡು ಹೆಜ್ಜೆ ಸದ್ದು ಕೇಳಿಸ್ಬಾರ್ದು. ಆಗ ಯಾರಾದ್ರೂ ಸುಮ್ಮನೆ ಗುಂಡು ಹಾರಿಸ್ತಾರಾ ನೋಡೋಣ! ಕಬ್ಬಿಣವನ್ನ ಅಷ್ಟು ಚೆನ್ನಾಗಿ ಬಿಡಿಸೋರು ಹೊಡೆಯೋನ ಕಿವಿಯನ್ನ ಮಾತ್ರ ಮರೆತುಬಿಟ್ಟಿದ್ದಾರೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. "ಹಂಗಾದ್ರೆ ಯಾರ್ ಆಡ್ತಾರೆ ಮಾವ" ಅಂದು ಮತ್ತೆ ಇಯರ್‌ಫೋನ್ ಸಿಕ್ಕಿಸ್ಕೊಂಡ. ಅಷ್ಟೊತ್ತಿಗೆ ಒಳಗಿಂದ ದೊಡ್ಡಮ್ಮ ಕೂಗಿದ್ರು, "ಮುದ್ದೆ ಆರ್ತದೆ, ಬನ್ರಪ್ಪಾ". ಜಗಲಿ ಮೇಲಿದ್ದ ಮೂರು ಜನರಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೇ.