ಸಾಲಿನಲ್ಲಿ ನಾವು, ನಿಂತೇ ಅವರು, ಲಾಭ ಯಾರಿಗೆ?



ಪಗಾರ ಕೈಗೆ ಬಂದ ಮೊದಲ ಭಾನುವಾರ ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಳ್ ಎಲ್ಲಿಯಾದರೂ ಒಂದು ದೊಡ್ಡ ಸೂಪರ್ ಮಾರ್ಕೆಟಿನೊಳಗೆ ಹೊಕ್ಕು ನೋಡಿರಿ. ಅಕ್ಕಿ, ಬೇಳೆ, ಎಣ್ಣೆ, ಸಾಬೂನು ತುಂಬಿದ ಗಾಡಿ ತಳ್ಳಿಕೊಂಡು ನಿಂತವರ ಸಾಲು ಬಾಗಿಲವರೆಗೆ ಬಂದಿರುತ್ತದೆ. ಹಣ ಕೊಡುವ ಗಲ್ಲಾಗಳು ಹತ್ತಿದ್ದರೆ ತೆರೆದಿರುವುದು ನಾಲ್ಕು. ಉಳಿದ ಆರರ ಮೇಲೆ ‘ಬಂದ್’ ಎಂಬ ಹಲಗೆ. ಆ ಸಾಲಿನಲ್ಲಿ ಮುಕ್ಕಾಲು ಗಂಟೆ ಸವೆಸದವರು ನಮ್ಮಲ್ಲಿ ಯಾರಿದ್ದಾರೆ?

ನಾನೂ ಸವೆಸಿದ್ದೇನೆ. ಹಾಗೆ ನಿಂತ ಒಂದು ದಿನ ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಆಡುತ್ತೇನೆ.

ಅಂದು ನನ್ನ ಸರದಿ ಬಂತು. ಎಣ್ಣೆಯ ಪೊಟ್ಟಣಕ್ಕೆ ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಗಲ್ಲಾದ ಯಂತ್ರದಲ್ಲಿ ಇನ್ನೊಂದು. ಹತ್ತು ರೂಪಾಯಿ ಹೆಚ್ಚು. ಕೇಳಿದೆ. “ಸವಲತ್ತು ನಿನ್ನೆಗೆ ಮುಗಿಯಿತು, ಚೀಟಿ ತೆಗೆದಿಲ್ಲ. ಬಿಲ್ಲು ತಿದ್ದಬೇಕಾದರೆ ಮೇಲಿನವರು ಬರಬೇಕು” ಎಂದಳು ಗಲ್ಲಾದ ಹುಡುಗಿ. ಮೇಲಿನವರು ಹತ್ತು ನಿಮಿಷವಾದರೂ ಬರಲಿಲ್ಲ. ಹಿಂದಿನವರು ಕೂಗತೊಡಗಿದರು. ನನಗೂ ಸಿಟ್ಟು ನೆತ್ತಿಗೇರಿತು. “ಕೆಲಸ ಬಾರದಿದ್ದರೆ ಮನೆಯಲ್ಲಿ ಕೂತುಕೊಳ್ಳಿ” ಎಂದು ನಾಲ್ಕು ಜನರ ಎದುರಿನಲ್ಲಿ ಆ ಹುಡುಗಿಯ ಮೇಲೆ ರೇಗಿದೆ.

ಅವಳು ತಿರುಗಿ ಬೈಯಲಿಲ್ಲ. “ಅಣ್ಣಾ, ಕೂರುವುದಕ್ಕೆ ಇಲ್ಲಿ ಕುರ್ಚಿಯೇ ಇಲ್ಲ. ಬೆಳಿಗ್ಗೆಯಿಂದ ನಿಂತಿದ್ದೇನೆ. ನಿನ್ನೆ ಲೆಕ್ಕದಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂತು, ಅದನ್ನು ನನ್ನ ಪಗಾರದಿಂದ ಹಿಡಿಯುತ್ತಾರೆ. ಇವತ್ತೂ ತಪ್ಪಿದರೆ ನಾನೇನು ಮಾಡಲಿ?” ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು.

ಬಂಧುಗಳೇ, ನಾನು ಏಳನೆಯ ಇಯತ್ತೆ ಮುಗಿಸಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆದವನು. ಒಡೆದ ಗ್ಲಾಸಿನ ಹಣ ತಿಂಗಳ ಕೊನೆಗೆ ನನ್ನ ಪಗಾರದಿಂದ ಹೋಗುತ್ತಿತ್ತು. ಗ್ಲಾಸು ಕೈತಪ್ಪಿ ಒಡೆಯಿತೋ, ಮೊದಲೇ ಸೀಳಿತ್ತೋ ಎಂದು ಕೇಳುವವರು ಯಾರೂ ಇರಲಿಲ್ಲ. ಚಹಾ ತಡವಾದರೆ ಗಿರಾಕಿ ಬೈಯುತ್ತಿದ್ದುದು ಗಲ್ಲಾದಲ್ಲಿ ಕೂತ ಧನಿಯನ್ನಲ್ಲ, ಎದುರಿಗೆ ನಿಂತ ಮಾಣಿಯನ್ನು. ಆ ಮಾಣಿಯೇ ಬೆಳೆದು ದೊಡ್ಡವನಾಗಿ, ಸಂಘದ ಕೆಲಸ ಮಾಡುತ್ತೇನೆಂದು ಎದೆಯುಬ್ಬಿಸಿಕೊಂಡು, ಇನ್ನೊಬ್ಬ ಕೂಲಿಕಾರಳಿಗೆ ಅದನ್ನೇ ಮಾಡಿದನಲ್ಲ! ಮನೆಗೆ ಬಂದ ಮೇಲೆ ಆ ಹತ್ತು ರೂಪಾಯಿಗಿಂತ ಈ ಮಾತೇ ನನ್ನನ್ನು ಚುಚ್ಚಿತು.

ನಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುವುದಿಲ್ಲ. ಸಿಟ್ಟು ನ್ಯಾಯವಾದದ್ದೇ. ಅದು ಹೋಗಿ ಬೀಳುವ ಜಾಗ ತಪ್ಪು, ಅಷ್ಟೇ.

ಸಾಲು ಏಕೆ ಬೆಳೆಯುತ್ತದೆ? ಹುಡುಗಿಯ ಕೈ ನಿಧಾನವೆಂದೇ? ಅಲ್ಲ. ಆರು ಗಲ್ಲಾಗಳು ಮುಚ್ಚಿರುವುದರಿಂದ. ಅವು ಏಕೆ ಮುಚ್ಚಿವೆ? ಆರು ಜನರ ಪಗಾರ ಉಳಿಯಲೆಂದು. ಆರು ಜನ ಮಾಡಬೇಕಾದ ಕೆಲಸದ ಭಾರದಲ್ಲಿ ಒಂದು ಪಾಲು ಆ ನಾಲ್ವರ ಬೆನ್ನಿಗೆ ಬೀಳುತ್ತದೆ, ಇನ್ನೊಂದು ಪಾಲು ನಮ್ಮ ಕಾಲಿಗೆ. ವಾರಕ್ಕೊಂದು ರಜೆ ಸಿಗುವ ಸಪ್ಲಾಯರನು ಆ ರಜೆಯ ಮುಕ್ಕಾಲು ಗಂಟೆಯನ್ನು ಪುಕ್ಕಟೆಯಾಗಿ ಮಾಲಿಕನಿಗೆ ಕೊಟ್ಟು ಬರುತ್ತಾನೆ. ಬಿಲ್ಲಿನಲ್ಲಿ ಈ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ.

ಈ ಆಟ ಹೊಸದಲ್ಲ. ಹಿಂದೆ ಅಂಗಡಿಗೆ ಹೋದರೆ ನಾವು ಪಟ್ಟಿ ಓದುತ್ತಿದ್ದೆವು, ಅಂಗಡಿಯ ಆಳು ಸಾಮಾನು ತೆಗೆದು ತೂಗಿ ಕಟ್ಟಿ ಕೊಡುತ್ತಿದ್ದ. 1916ರಲ್ಲಿ ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು ‘ನೀನೇ ತೆಗೆದುಕೋ’ ಎಂದ. ಅಂದಿನಿಂದ ಆಳಿನ ಕೆಲಸದ ಅರ್ಧ ಗಿರಾಕಿಗೆ ಬಂತು. 1974ರಲ್ಲಿ ಓಹಾಯೋ ಪ್ರಾಂತದ ಟ್ರಾಯ್ ಪಟ್ಟಣದಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣದ ಮೇಲಿನ ಕಪ್ಪು ಗೆರೆಗಳನ್ನು ಯಂತ್ರ ಮೊದಲ ಸಲ ಓದಿತು. ಯಂತ್ರ ಬಂದಿತು, ಲೆಕ್ಕ ಬೇಗ ಆಗತೊಡಗಿತು. ಹಾಗಾದರೆ ನಮ್ಮ ಸಾಲು ಗಿಡ್ಡವಾಯಿತೆ? ಉಳಿದ ಹೊತ್ತು ಮಾಲಿಕನ ಪೆಟ್ಟಿಗೆಗೆ ಹೋಯಿತು. ಈಗ ಕೆಲವು ಕಡೆ ಗಿರಾಕಿಯೇ ಬಿಲ್ಲನ್ನೂ ಮಾಡಿಕೊಳ್ಳುವ ಯಂತ್ರಗಳು ಬಂದಿವೆ. ನಾಳೆ ಆ ಹುಡುಗಿಯ ಕೆಲಸವೂ ಇಲ್ಲ, ನಮಗೆ ಬಿಡುವೂ ಇಲ್ಲ.

ಹೋಟೆಲಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಸೆಲ್ಫ್ ಸರ್ವಿಸ್’ ಹಲಗೆ ಬಿದ್ದ ಹೋಟೆಲಿನಲ್ಲಿ ಎಷ್ಟು ಸಪ್ಲಾಯರರು ಮನೆಗೆ ಹೋದರೆಂಬುದನ್ನು ಕಣ್ಣಾರೆ ಕಂಡವರು ನಾವು. ಗಿರಣಿಯ ಹಿರಿಯರಿಗೂ ಹೇಳಬೇಕಿಲ್ಲ. ಕಡಿಮೆ ಆಳಿನಿಂದ ಹೆಚ್ಚು ಮಗ್ಗ ನಡೆಸಬೇಕೆಂಬ ಹಟದ ವಿರುದ್ಧವೇ 1928ರಲ್ಲಿ ಮುಂಬಯಿಯ ಗಿರಣಿಗಳು ತಿಂಗಳುಗಟ್ಟಲೆ ನಿಂತಿದ್ದವು. ಮಗ್ಗದ ಜಾಗದಲ್ಲಿ ಈಗ ಗಲ್ಲಾ ಬಂದಿದೆ, ಲೆಕ್ಕ ಅದೇ. 1982ರ ಮುಷ್ಕರದ ನಂತರ ಪರಳ-ಲಾಲಬಾಗಿನ ಚಾಳು ಬಿಟ್ಟು ಕಲ್ಯಾಣ-ಡೊಂಬಿವಲಿಗೆ ಬಂದ ಎಷ್ಟು ಕುಟುಂಬಗಳ ಹೆಣ್ಣುಮಕ್ಕಳು ಇಂದು ಇಂಥ ಗಲ್ಲಾಗಳ ಹಿಂದೆ ನಿಂತಿದ್ದಾರೆಂದು ಯೋಚಿಸಿರಿ. ನಾವು ಬೈಯುವುದು ನಮ್ಮದೇ ಹಳೆಯ ನೆರೆಮನೆಯ ಮಗಳನ್ನು.

ಮಾಲಿಕರ ಪರವಾಗಿ ಮಾತನಾಡುವವರು ಹೇಳುವುದಿಷ್ಟು: “ಅಗ್ಗಕ್ಕೆ ಬೇಕಾದರೆ ಸಾಲಿನಲ್ಲಿ ನಿಲ್ಲಿ. ಹೆಚ್ಚು ಆಳು ಇಟ್ಟರೆ ಬೆಲೆ ಏರುತ್ತದೆ.” ಅಗ್ಗ ಸಿಗುತ್ತದೆಂಬುದು ನಿಜ. ನಮ್ಮ ಹೆಂಗಸರು ಮೂಲೆಯ ಕಿರಾಣಿ ಅಂಗಡಿ ಬಿಟ್ಟು ಅಲ್ಲಿಗೆ ಹೋಗುವುದು ಶೋಕಿಗಲ್ಲ, ಬೇಳೆಯಲ್ಲಿ ನಾಲ್ಕು ರೂಪಾಯಿ ಉಳಿಯಲೆಂದು. ಆದರೆ ಒಂದು ಮರದ ಸ್ಟೂಲಿಗೆ ಎಷ್ಟು ಬೆಲೆ? ಅದೊಂದನ್ನು ಇಟ್ಟರೆ ತೊಗರಿಬೇಳೆಯ ದರ ಏರುವುದೆ? ಪಗಾರದ ವಾರ ಜನ ಬರುತ್ತಾರೆಂಬುದು ಪಂಚಾಂಗ ನೋಡದೆಯೂ ತಿಳಿಯುವ ಸಂಗತಿ. ಆ ವಾರ ಇನ್ನೆರಡು ಗಲ್ಲಾ ತೆರೆದರೆ ಅಂಗಡಿ ಮುಳುಗುವುದೆ?

ಕಾಯಿದೆ ನಮ್ಮ ಪಾಲಿಗೆ ಏನು ಹೇಳುತ್ತದೆಂಬುದನ್ನು ಈಗ ನೋಡೋಣ. ಇದನ್ನು ಓದಲು ಬಾರದವರಿಗೂ ಓದಿ ಹೇಳಿರಿ.

ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಒಂದು ಪೈಸೆ ಕೇಳಿದರೂ ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಬೆಲೆಯ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದನ್ನೂ, ಬಿಲ್ಲು ಕೊಡದಿರುವುದನ್ನೂ ಅನ್ಯಾಯದ ವ್ಯಾಪಾರವೆಂದು ಕರೆದಿದೆ. ಮುಂಚಿತವಾಗಿ ತಿಳಿಸದೆ ಗಲ್ಲಾದಲ್ಲಿ ಕೈಚೀಲಕ್ಕೆ ಹಣ ಹಾಕುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. “ಮೊಬೈಲ್ ನಂಬರು ಹೇಳಿ, ಇಲ್ಲದಿದ್ದರೆ ಬಿಲ್ಲು ಆಗುವುದಿಲ್ಲ” ಎನ್ನುತ್ತಾರಲ್ಲ, ಹಾಗೆ ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಿನಲ್ಲಿ ಅಂಗಡಿಗಳಿಗೆ ಸೂಚಿಸಿದೆ. ದೂರು ಹೇಳಲು 1915 ಎಂಬ ಪುಕ್ಕಟೆ ನಂಬರಿದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ 5 ಲಕ್ಷ ರೂಪಾಯಿಯವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಇದೆಲ್ಲ ಗಲ್ಲಾದ ಈಚೆ ನಿಂತವರದಾಯಿತು. ಆಚೆ ನಿಂತವರದೇನು?

ಕಳೆದುಹೋದ ಹಣವನ್ನು ಪಗಾರದಿಂದ ಹಿಡಿಯುವ ಮೊದಲು ಅದು ಆ ಕೂಲಿಕಾರನ ಅಲಕ್ಷ್ಯದಿಂದಲೇ ಆಯಿತೆಂದು ತೋರಿಸಬೇಕು, ಅವನ ಮಾತು ಹೇಳಲು ಅವಕಾಶ ಕೊಡಬೇಕು. 1936ರ ವೇತನ ಪಾವತಿ ಕಾಯಿದೆ ಹೇಳುತ್ತಿದ್ದುದು ಇದನ್ನೇ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆ ಹೇಳುವುದೂ ಇದನ್ನೇ. ಯಾರನ್ನೂ ಕೇಳದೆ ಇನ್ನೂರು ರೂಪಾಯಿ ಮುರಿದುಕೊಳ್ಳುವ ಹಕ್ಕು ಯಾವ ಧನಿಗೂ ಇಲ್ಲ. ಸೂಪರ್ ಮಾರ್ಕೆಟಿನವನಿಗೂ ಇಲ್ಲ, ಹೋಟೆಲಿನವನಿಗೂ ಇಲ್ಲ.

ಇನ್ನು ಕುರ್ಚಿಯ ಮಾತು. ನಿಂತು ದುಡಿಯುವ ಕಾರ್ಖಾನೆ ಕಾರ್ಮಿಕರಿಗೆ ಬಿಡುವಿನಲ್ಲಿ ಕೂರಲು ಅನುಕೂಲವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮಿನಲ್ಲಿಯೇ ಬರೆದಿತ್ತು. ಗಿರಣಿಯ ಹಿರಿಯರು ಇದನ್ನು ಬಲ್ಲರು. ಅಂಗಡಿಯ ಹೆಂಗಸರಿಗೆ ಆ ಹಕ್ಕು ಸಿಗಲು ಇನ್ನೂ 70 ವರ್ಷ ಹಿಡಿಯಿತು. ಕೊಟ್ಟವರು ಯಾರು? ಕೋಯಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುತ್ತಿದ್ದ ಹೆಂಗಸರು ಹೊಲಿಗೆ ಕೆಲಸದ ಪಿ. ವಿಜಿಯವರ ಮುಂದಾಳುತನದಲ್ಲಿ ‘ಪೆಣ್‌ಕೂಟ್ಟು’ ಎಂಬ ಕೂಟ ಕಟ್ಟಿದರು. ಮೊದಲು ಶೌಚಾಲಯಕ್ಕಾಗಿ ಹೋರಾಡಿದರು, ಅನಂತರ ಕೂರುವ ಹಕ್ಕಿಗಾಗಿ. 2018ರಲ್ಲಿ ಕೇರಳ ಸರಕಾರ ತನ್ನ ಅಂಗಡಿ ಕಾಯಿದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಯಾವ ಧನಿಯೂ ದಯೆಯಿಂದ ಕುರ್ಚಿ ತಂದು ಹಾಕಲಿಲ್ಲ.

ನಮ್ಮ ಮಹಾರಾಷ್ಟ್ರದಲ್ಲಿ ನಡೆದದ್ದೇನು? 2017ರ ಅಂಗಡಿ ಕಾಯಿದೆ ದುಡಿಮೆಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತ್ತು. 2025ರಲ್ಲಿ ರಾಜ್ಯದ ಮಂತ್ರಿಮಂಡಲ ಅದನ್ನು 10ಕ್ಕೆ ಏರಿಸಲು ಒಪ್ಪಿಗೆ ಕೊಟ್ಟಿತು. ಆ ರಾಜ್ಯಗಳಲ್ಲಿ ಕುರ್ಚಿ ಬಂತು, ನಮ್ಮಲ್ಲಿ ಇನ್ನೊಂದು ಗಂಟೆ ನಿಲ್ಲುವ ಭಾಗ್ಯ ಬಂತು!

ಬೇರೆಯವರತ್ತ ಬೆರಳು ತೋರಿಸುವಾಗ ನಮ್ಮ ಮನೆಯ ಮಾತನ್ನು ಮುಚ್ಚಿಡಬಾರದು. ನಮ್ಮವರೇ ನಡೆಸುವ ಹೋಟೆಲುಗಳಲ್ಲಿ ಕುರ್ಚಿ ಎಲ್ಲಿದೆ? ಗಲ್ಲಾದ ಹಿಂದೆ ಒಂದು, ಅದು ಧನಿಗೆ. ಸಪ್ಲಾಯರನು ಗಿರಾಕಿಯಿಲ್ಲದ ಹೊತ್ತಿನಲ್ಲಿಯೂ ಗೋಡೆಗೆ ಒರಗಿ ನಿಲ್ಲಬೇಕು. ಕೂತರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ. ‘ನಮ್ಮ ಊರಿನವರು, ನಮ್ಮ ಭಾಷೆಯವರು’ ಎಂಬ ಸಲಿಗೆಯಲ್ಲಿ ನಾವು ಇದನ್ನು ನುಂಗಿಕೊಂಡು ಬಂದಿದ್ದೇವೆ. ಸೂಪರ್ ಮಾರ್ಕೆಟಿನ ಮರಾಠಿ ಹುಡುಗಿಗೆ ಕುರ್ಚಿ ಕೇಳುವ ಬಾಯಿ ನಮ್ಮ ಮಾಣಿಗೂ ಬಾಕು ಕೇಳಬೇಕು. ಇಲ್ಲವಾದರೆ ನಮ್ಮ ಮಾತಿಗೆ ತೂಕವಿಲ್ಲ.

ಹಾಗಾದರೆ ಮಾಡುವುದೇನು? ಮುಂದಿನ ಸಲ ಸಾಲಿನಲ್ಲಿ ನಿಂತಾಗ ಗಲ್ಲಾದವಳ ಮೇಲೆ ರೇಗಬೇಡಿರಿ. ಅಂಗಡಿಯ ಮ್ಯಾನೇಜರನನ್ನು ಕರೆಯಿಸಿರಿ. “ಮುಚ್ಚಿದ ಗಲ್ಲಾ ತೆರೆಯಿರಿ, ಇವಳಿಗೆ ಕೂರಲು ಕೊಡಿರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿರಿ. ಒಬ್ಬ ಹೇಳಿದರೆ ಜಗಳಗಂಟ ಎನ್ನುತ್ತಾರೆ. ಸಾಲಿನ ಇಪ್ಪತ್ತು ಜನ ಹೇಳಿದರೆ ಗಲ್ಲಾ ತೆರೆಯುತ್ತದೆ. ದೂರಿನ ಪುಸ್ತಕ ಕೇಳಿ ಅದರಲ್ಲಿ ಬರೆಯಿರಿ. ಬರೆಯುವಾಗ ಹುಡುಗಿಯ ಹೆಸರನ್ನಲ್ಲ, ಮುಚ್ಚಿದ ಗಲ್ಲಾಗಳ ಸಂಖ್ಯೆಯನ್ನು ಬರೆಯಿರಿ. ಬಿಲ್ಲನ್ನು ಓದಿ, ಬಾಗಿಲಲ್ಲಿ ಕಾವಲುಗಾರ ಅದಕ್ಕೆ ತೂತು ಹೊಡೆಯುವ ಮೊದಲೇ ಲೆಕ್ಕ ಸರಿಮಾಡಿಸಿಕೊಳ್ಳಿರಿ. ಆ ಕಾವಲುಗಾರನೂ ಯಾರದೋ ಗುತ್ತಿಗೆಯಲ್ಲಿ ನಿಂತೇ ದುಡಿಯುವವನೆಂಬುದನ್ನು ಮರೆಯಬೇಡಿರಿ.

ಇನ್ನೊಂದು ಮಾತು. ಅಂಗಡಿಯೆಂದರೆ ಮಾಲಿಕನೊಬ್ಬನಿರಲೇಬೇಕೆಂಬ ಶಾಸ್ತ್ರವಿಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರೂ ಇತರ ಕೂಲಿಕಾರರೂ ಸೇರಿ 28 ಜನ ತಮ್ಮದೇ ಅಂಗಡಿ ತೆರೆದು ಹಿಟ್ಟು, ಬೆಣ್ಣೆ, ಸಕ್ಕರೆ ಮಾರಿದರು. 1905ರಲ್ಲಿ ನಮ್ಮ ಗದಗಿನ ಕಣಗಿನಹಾಳದ ರೈತರು ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. 1948ರಲ್ಲಿ ಮುಂಬಯಿಯ ನಾಯಗಾಂವದಲ್ಲಿ ಗಿರಣಿ ಕಾರ್ಮಿಕರ ನಡುವೆ ಹುಟ್ಟಿದ ಸಹಕಾರಿಯೇ ಮುಂದೆ ‘ಅಪನಾ ಬಜಾರ್’ ಎಂದು ಹೆಸರಾಯಿತು. ಹತ್ತು ಕುಟುಂಬಗಳು ಕೂಡಿ ತಿಂಗಳಿಗೊಮ್ಮೆ ವಾಶಿಯ ಸಗಟು ಪೇಟೆಯಿಂದ ಅಕ್ಕಿ ಬೇಳೆ ತಂದು ಹಂಚಿಕೊಳ್ಳುವುದರಿಂದ ನಾವೂ ಮೊದಲು ಮಾಡಬಹುದು. ಸಂಘದ ಕೋಣೆ ಭಾನುವಾರ ತೆರೆದೇ ಇರುತ್ತದೆ.

ಆ ದಿನದ ಹುಡುಗಿಯ ಕ್ಷಮೆ ಕೇಳಲು ಮುಂದಿನ ಭಾನುವಾರ ನಾನು ಅದೇ ಅಂಗಡಿಗೆ ಹೋಗಿದ್ದೆ. ಆ ಗಲ್ಲಾದಲ್ಲಿ ಬೇರೊಬ್ಬಳು ನಿಂತಿದ್ದಳು. “ಅವಳು ಕೆಲಸ ಬಿಟ್ಟಳು” ಎಂದಳು. ಬಿಟ್ಟಳೋ ಬಿಡಿಸಿದರೋ ಹೇಳಲಿಲ್ಲ; ಹಿಂದೆ ಸಾಲು ಉದ್ದವಿತ್ತು. ನನ್ನ ಮಾತು ಅವಳ ಪಾಲಿಗೆ ಕೊನೆಯದಾಗಿತ್ತೇನೋ ಎಂಬ ಅಳುಕು ಇನ್ನೂ ಹೋಗಿಲ್ಲ.

ಬಂಧುಗಳೇ, ಈ ಅಳುಕು ನಿಮಗೆ ಬಾರದಿರಲಿ. ಗಲ್ಲಾದ ಈಚೆಯೂ ಆಚೆಯೂ ನಿಂತಿರುವವರು ದುಡಿಯುವವರೇ. ನಮ್ಮ ಸಿಟ್ಟನ್ನು ಒಬ್ಬರ ಮೇಲೊಬ್ಬರು ಕಾರಿಕೊಂಡು ಮುಗಿಸದೆ, ಮೇಲಿನ ಮಹಡಿಯವರೆಗೆ ಮುಟ್ಟಿಸೋಣ.