ಬುಕ್ ಬ್ಯಾಂಕಿನ ಮೊಹರು

ಚೆನ್ನೈನ ಸರ್ದಾರ್ ಪಟೇಲ್ ರಸ್ತೆಯ ಒಂದು ಮಗ್ಗುಲಿಗೆ ಅಣ್ಣಾ ವಿಶ್ವವಿದ್ಯಾಲಯ, ಇನ್ನೊಂದು ಮಗ್ಗುಲಿಗೆ ಐಐಟಿ ಮದ್ರಾಸ್. 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿದ ಗಿಂಡಿ ಎಂಜಿನಿಯರಿಂಗ್ ಕಾಲೇಜು ಇರುವುದೂ ಇಲ್ಲೇ. ಪಕ್ಕದ ಕೊಟ್ಟೂರುಪುರದಲ್ಲಿ 2010ರಲ್ಲಿ ಬಾಗಿಲು ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವಿದೆ. ಅಲ್ಲಿ ಬ್ರೈಲ್ ವಿಭಾಗವಿದೆ. ಮನೆಯಿಂದ ತಂದ ಪುಸ್ತಕವನ್ನೇ ಕೂತು ಓದಿಕೊಳ್ಳುವವರಿಗೂ ಬೇರೆ ಜಾಗ ಮಾಡಿದ್ದಾರೆ. ಎಂಜಿನಿಯರಿಂಗ್ ಓದುವವರಿಗೆ ಇದಕ್ಕಿಂತ ಅನುಕೂಲದ ನೆರೆಹೊರೆ ದೇಶದಲ್ಲಿ ಬೇರೆಲ್ಲಿ ಸಿಕ್ಕೀತು?

ಈ ನೆರೆಹೊರೆಗೆ ಬರುವ ಮಕ್ಕಳು ಮಾತ್ರ ಬದಲಾಗಿದ್ದಾರೆ. 2010ರಲ್ಲಿ ಅಣ್ಣಾ ವಿಶ್ವವಿದ್ಯಾಲಯ ಸಿವಿಲ್, ಮೆಕ್ಯಾನಿಕಲ್ ವಿಷಯಗಳನ್ನು ತಮಿಳಿನಲ್ಲೂ ಕಲಿಸಲು ಶುರುಮಾಡಿತು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 7.5ರಷ್ಟು ಮೀಸಲಿಡುವ ಕಾನೂನನ್ನು ತಮಿಳುನಾಡು 2021ರಲ್ಲಿ ತಂದಿತು. ಸೀಟೇನೋ ಸಿಕ್ಕಿತು. ಆಮೇಲೆ? ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಥರ್ಮೋಡೈನಮಿಕ್ಸ್‌ಗೆ ಯಾವ ಪುಸ್ತಕ ಹಿಡಿಯಬೇಕು, ಜರ್ನಲ್ ಅಂದರೆ ಏನು, ಪ್ರಾಜೆಕ್ಟ್ ವರದಿಯಲ್ಲಿ ಬೇರೆಯವರ ಮಾತನ್ನು ಎಷ್ಟು ಬಳಸಿದರೆ ಕಳ್ಳತನವಾಗುತ್ತದೆ ಎಂದು ಹೇಳಿಕೊಡುವವರು ಯಾರು? ಮೇಷ್ಟರಿಗೆ ಸಿಲೆಬಸ್ ಮುಗಿಸುವ ಅವಸರ. ಸೀನಿಯರ್‌ಗಳು ಕೊಡುವುದು ಜೆರಾಕ್ಸ್ ನೋಟ್ಸ್. ಉಳಿದವರು ಗ್ರಂಥಪಾಲಕರು.

ಗ್ರಂಥಪಾಲಕರು ಬರೀ ಪುಸ್ತಕ ಕಾಯುವವರಲ್ಲ ಎಂದು ಮದ್ರಾಸಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟರು. ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕುರ್ಚಿ ಬೇಸರ ಹುಟ್ಟಿಸಿ, ತಮ್ಮನ್ನು ವಾಪಸ್ ಪಾಠಕ್ಕೇ ಕಳಿಸಿ ಎಂದು ಕೇಳಿಕೊಂಡಿದ್ದರು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಅವರು ಬೇರೆಯೇ ಮನುಷ್ಯ. ಕಪಾಟುಗಳನ್ನು ಓದುಗರಿಗೆ ಬಿಟ್ಟುಕೊಟ್ಟರು, ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು, ಓದುಗರ ಬಳಿಗೇ ಹೋಗಿ ಏನು ಬೇಕೆಂದು ವಿಚಾರಿಸುವ ಸಿಬ್ಬಂದಿಯನ್ನು ನಿಲ್ಲಿಸಿದರು. ಮೇಷ್ಟರುತನ ಬಿಟ್ಟುಹೋಗಲಿಲ್ಲ ಅನ್ನಿ. ‘ಪುಸ್ತಕ ಇರುವುದು ಬಳಕೆಗೆ’, ‘ಪ್ರತಿ ಓದುಗರಿಗೂ ಅವರ ಪುಸ್ತಕ’ ಎಂಬಂಥ, 1931ರಲ್ಲಿ ಬಂದ ಅವರ ಐದು ಸೂತ್ರಗಳನ್ನು ಲೈಬ್ರರಿ ಸೈನ್ಸ್ ಓದಿದವರೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು.

ಅವರ ಸೂತ್ರಗಳಿಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೊಟ್ಟಿರುವ ಮರ್ಯಾದೆ ನೋಡಬೇಕಾದರೆ ಬುಕ್ ಬ್ಯಾಂಕಿನ ಒಂದು ಪುಸ್ತಕ ತೆರೆದು ನೋಡಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ದುಬಾರಿ ಪಠ್ಯಗಳನ್ನು ಎರವಲು ಕೊಡುವ ಒಳ್ಳೆಯ ಯೋಜನೆ ಇದು. ಆದರೆ ಎಷ್ಟೋ ಕಡೆ ಮೊದಲ ಪುಟದಲ್ಲಿ, ಕೆಲವೊಮ್ಮೆ ಪುಟಗಳ ಅಂಚಿನ ಮೇಲೂ, ದಪ್ಪಕ್ಷರದಲ್ಲಿ ‘ಎಸ್‌ಸಿ/ಎಸ್‌ಟಿ ಬುಕ್ ಬ್ಯಾಂಕ್’ ಎಂಬ ಮೊಹರು. ಪುಸ್ತಕವನ್ನು ಬೆಂಚಿನ ಮೇಲಿಟ್ಟ ಕೂಡಲೇ ಅಕ್ಕಪಕ್ಕದವರಿಗೆ ಜಾತಿ ಗೊತ್ತಾಗುತ್ತದೆ. ಲೆಕ್ಕ ತಪಾಸಣೆಗೆ ಗುರುತು ಬೇಕು, ನಿಜ. ಅದಕ್ಕೆ ಗ್ರಂಥಾಲಯ ಪ್ರತಿ ಪುಸ್ತಕಕ್ಕೂ ಕೊಡುವ ಪರಿಗ್ರಹಣ ಸಂಖ್ಯೆಯ ಹಿಂದೆ ಒಂದು ಅಕ್ಷರ ಸೇರಿಸಿದರೆ ಸಾಲದೆ? ಈ ಬದಲಾವಣೆಗೆ ಸರ್ಕಾರಿ ಆದೇಶವೇನೂ ಬೇಕಾಗಿಲ್ಲ. ಕೌಂಟರಿನ ಹಿಂದೆ ಕೂತವರಿಗೆ ಮನಸ್ಸಿರಬೇಕು, ಅಷ್ಟೆ.

ಕಣ್ಣು ಕಾಣದ ವಿದ್ಯಾರ್ಥಿಯ ಪಾಡೂ ಹೀಗೆಯೇ. ಪುಟಗಳ ಫೋಟೊ ತೆಗೆದಂತೆ ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಟ್ಟು ‘ಡಿಜಿಟಲ್ ಆಯಿತು’ ಎಂದು ಕೈತೊಳೆದುಕೊಳ್ಳುತ್ತಾರೆ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಪುಟ. ಅಕ್ಷರಗಳನ್ನು ಗುರುತಿಸುವ ತಂತ್ರಾಂಶ ಹಾಯಿಸಿದರೂ ಇಂಟಿಗ್ರಲ್ ಚಿಹ್ನೆ ಇನ್ನೇನೋ ಆಗಿ, ಘಾತಾಂಕ ಕೆಳಗಿಳಿದು ಮಾಮೂಲಿ ಅಂಕಿಯಾಗಿ, ಸಮೀಕರಣವೇ ತಪ್ಪುತ್ತದೆ. ಸರ್ಕ್ಯೂಟ್ ಚಿತ್ರಕ್ಕಂತೂ ವಿವರಣೆ ಬರೆಯಬೇಕು, ಇಲ್ಲವೇ ಬೆರಳಿಗೆ ಸಿಗುವಂತೆ ಉಬ್ಬುಗೆರೆಯಲ್ಲಿ ಮಾಡಿಸಬೇಕು. ಕಾನೂನಿನ ಭಯವೂ ಬೇಡ. ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಡಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದನ್ನೇ ಹೇಳುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ದೊಡ್ಡ ಯೋಜನೆಗಳಿಗೇನೂ ಬರವಿಲ್ಲ. ಜರ್ನಲ್‌ಗಳನ್ನು ಒದಗಿಸುವ ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 13,000 ಜರ್ನಲ್‌ಗಳು. ಆದರೆ ಅದನ್ನು ರೂಪಿಸಿದ್ದು ಸರ್ಕಾರಿ ಸಂಸ್ಥೆಗಳಿಗೆ. ಚೆನ್ನೈನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಎಂಜಿನಿಯರಿಂಗ್ ಓದುವವರಲ್ಲಿ ಹೆಚ್ಚಿನವರು ಖಾಸಗಿ ಕಾಲೇಜುಗಳಲ್ಲಿದ್ದಾರೆ. ಸರ್ಕಾರಿ ಕಾಲೇಜಿನಲ್ಲೂ ಲಾಗಿನ್ ಕೊಟ್ಟ ಮಾತ್ರಕ್ಕೆ ಹುಡುಕುವುದು ಬಂದುಬಿಡುವುದಿಲ್ಲ.

ನನ್ನ ತಕರಾರು ಗ್ರಂಥಪಾಲಕರ ಮೇಲಲ್ಲ, ಕಾಲೇಜು ಆಡಳಿತಗಳ ಮೇಲೆ. ತಪಾಸಣಾ ಸಮಿತಿ ಬರುವಾಗ ಪುಸ್ತಕ ಎಣಿಸಲು, ಕೋರ್ಸ್ ಮುಗಿದಾಗ ನೋ ಡ್ಯೂ ಸಹಿ ಹಾಕಲು ಮಾತ್ರ ಅವರು ಬೇಕು. ಮೊದಲ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ ಅವರಿಗೆ ಬಿಟ್ಟುಕೊಡಿ, ತಮಿಳಿನಲ್ಲೋ ಕನ್ನಡದಲ್ಲೋ ಹೇಳಿಕೊಡಲಿ. ರಂಗನಾಥನ್ ಹುಟ್ಟಿದ ಹಬ್ಬವೆಂದು ಆಗಸ್ಟ್ 12ರಂದು ಅವರ ಚಿತ್ರಕ್ಕೆ ಹಾರ ಹಾಕುವ ಪ್ರಾಂಶುಪಾಲರು ಅಂದೇ ಬುಕ್ ಬ್ಯಾಂಕಿನ ಮೊಹರನ್ನೂ ಬದಲಿಸಲಿ. ತಗಲುವ ಖರ್ಚು ಒಂದು ರಬ್ಬರ್ ಸ್ಟಾಂಪಿನದು.